ನೆರಳಿನ ಅಳತೆ, ಬಿಸಿಲಿನ ಕೆಲಸ

ಕೋಲಾರ ತಾಲ್ಲೂಕಿನ ನರಸಾಪುರದಲ್ಲಿ ಐಫೋನ್ ಜೋಡಣೆಯಾಗುತ್ತದೆ. ತೈವಾನಿನ ವಿಸ್ಟ್ರಾನ್ ಕಂಪನಿ ಶುರುಮಾಡಿದ ಕಾರ್ಖಾನೆ ಅದು; 2023ರಲ್ಲಿ ಟಾಟಾ ಎಲೆಕ್ಟ್ರಾನಿಕ್ಸ್‌ನವರು ಕೊಂಡರು. ಈ ಫೋನನ್ನೂ ತನ್ನ ಐಪ್ಯಾಡನ್ನೂ ಎಷ್ಟು ಬಿಸಿಯಲ್ಲಿ ಬಳಸಬಹುದೆಂದು ಆಪಲ್ ಸ್ಪಷ್ಟವಾಗಿ ಬರೆದಿಟ್ಟಿದೆ: ಸುತ್ತಲಿನ ತಾಪ 0ಯಿಂದ 35 ಡಿಗ್ರಿ ಸೆಲ್ಸಿಯಸ್. ಬಳಸದೆ ಇಡುವುದಾದರೆ ಮೈನಸ್ 20ರಿಂದ 45. ಸ್ಯಾಮ್‌ಸಂಗ್ ಸೇರಿದಂತೆ ಉಳಿದ ದೊಡ್ಡ ಕಂಪನಿಗಳ ಮಾತೂ ಹೆಚ್ಚುಕಡಿಮೆ ಇದೇ. ಏಪ್ರಿಲ್ ಕೊನೆಯಲ್ಲಿ ಮಧ್ಯಾಹ್ನ ಎರಡು ಗಂಟೆಗೆ ಕಾರ್ಖಾನೆಯ ಗೇಟು ದಾಟಿ ಹೊರಗೆ ಬಂದರೆ ಆ 35ರ ಗೆರೆಯನ್ನೂ ದಾಟಿದಂತೆಯೇ.

ಹಾಗಾದರೆ ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರಗಳಲ್ಲಿ ಬೇಸಿಗೆ ಬಂತೆಂದರೆ ಎಲ್ಲರ ಫೋನೂ ಕೆಡಬೇಕಿತ್ತಲ್ಲ? ಕೆಡುವುದಿಲ್ಲ. ಕೆಲವರದು ಮಾತ್ರ ಕೆಡುತ್ತದೆ, ಅದೂ ಮತ್ತೆ ಮತ್ತೆ. ಬ್ಯಾಂಕಿನೊಳಗೆ ಫ್ಯಾನಿನ ಕೆಳಗೆ ಕೂತವರ ಫೋನು ನಾಲ್ಕು ವರ್ಷ ನಡೆದರೆ, ಅದೇ ಮಾಡಲ್ಲಿನ ಫೋನು ಹೊಲ-ತೋಟ ತಿರುಗುವವರ ಕೈಯಲ್ಲಿ ಎರಡನೇ ಬೇಸಿಗೆಗೇ ‘ಚಾರ್ಜ್ ನಿಲ್ಲಲ್ಲ’ ಅನ್ನಿಸಿಕೊಳ್ಳುತ್ತದೆ. ಊರಿನ ಹವೆ ಇಬ್ಬರಿಗೂ ಒಂದೇ. ವ್ಯತ್ಯಾಸವಿರುವುದು ಕೆಲಸದಲ್ಲಿ. ಈ ವಿಷಯದ ಮೇಲೆ ಬರುವ ಬಹುಪಾಲು ಸಲಹೆಗಳು ಈ ವ್ಯತ್ಯಾಸವನ್ನು ಗಮನಿಸುವುದೇ ಇಲ್ಲ. ‘ಫೋನನ್ನು ಬಿಸಿಲಿಗೆ ಒಡ್ಡಬೇಡಿ’ ಎಂದು ಹೇಳಿ ಮುಗಿಸಿಬಿಡುತ್ತವೆ. ಬಿಸಿಲಲ್ಲಿ ನಿಂತೇ ಫೋನು ಹಿಡಿಯಬೇಕಾದವರು ಏನು ಮಾಡಬೇಕು?

ಮೊದಲು ಹವೆಯ ಮಾತು. ಕೋಲಾರ ಸೀಮೆ ಸಮುದ್ರಮಟ್ಟಕ್ಕಿಂತ 800 ಮೀಟರಿಗೂ ಎತ್ತರದ ಪ್ರಸ್ಥಭೂಮಿ. ರಾಯಚೂರು, ಕಲಬುರಗಿಯ ಉರಿ ಇಲ್ಲಿಲ್ಲ. ಏಪ್ರಿಲ್, ಮೇ ತಿಂಗಳಲ್ಲಿ ಮಧ್ಯಾಹ್ನದ ತಾಪ 35ರ ಆಚೀಚೆ ಆಡುತ್ತದೆ, ಕೆಟ್ಟ ದಿನಗಳಲ್ಲಿ 38ರವರೆಗೆ ಏರುತ್ತದೆ. ಪಕ್ಕದ ಬೆಂಗಳೂರಿನ ದಾಖಲೆಯೇ 39.2, ಅದು 2016ರ ಏಪ್ರಿಲ್‌ನದು. ಬಯಲು ಪ್ರದೇಶದಲ್ಲಿ ಗರಿಷ್ಠ ತಾಪ 40 ಮುಟ್ಟದೆ ಹವಾಮಾನ ಇಲಾಖೆ ಬಿಸಿಗಾಳಿಯೆಂದು ಘೋಷಿಸುವುದಿಲ್ಲ. ಹಾಗಾಗಿ ಇಲಾಖೆಯ ಲೆಕ್ಕದಲ್ಲಿ ಕೋಲಾರ ಬಹುಮಟ್ಟಿಗೆ ಸುಖಿ. ಆದರೆ ಇಲಾಖೆಯ ತಾಪಮಾಪಕ ಇರುವುದೆಲ್ಲಿ? ಗಾಳಿಯಾಡುವ ಬಿಳಿ ಪೆಟ್ಟಿಗೆಯೊಳಗೆ, ನೆಲದಿಂದ ಸುಮಾರು ನಾಲ್ಕಡಿ ಮೇಲೆ, ನೆರಳಲ್ಲಿ. ಪೇಪರಿನಲ್ಲಿ ಓದುವ ಅಂಕಿಯೆಲ್ಲ ಆ ಪೆಟ್ಟಿಗೆಯೊಳಗಿನ ಗಾಳಿಯದು. ಫೋನ್ ಕಂಪನಿಯ 35 ಕೂಡ ಸುತ್ತಲಿನ ಗಾಳಿಯ ಅಳತೆಯೇ. ಮೇಲೆ ಬೀಳುವ ಬಿಸಿಲನ್ನು ಅದು ಲೆಕ್ಕಕ್ಕೆ ಹಿಡಿಯುವುದಿಲ್ಲ.

ಬಿಸಿಲನ್ನು ಲೆಕ್ಕಕ್ಕೆ ತಂದು ನೋಡಿ. ನೆತ್ತಿಯ ಮೇಲಿನ ಸೂರ್ಯ ಒಂದು ಚದರ ಮೀಟರಿಗೆ ಸುಮಾರು 1000 ವಾಟ್ ಸುರಿಯುತ್ತಾನೆ. ಹನ್ನೊಂದು ಇಂಚಿನ ಟ್ಯಾಬಿನ ಮುಖ ಹೆಚ್ಚುಕಡಿಮೆ 450 ಚದರ ಸೆಂಟಿಮೀಟರ್. ಮುಂದಿರುವುದು ಕಪ್ಪು ಗಾಜು, ಬಿದ್ದದ್ದರಲ್ಲಿ ಬಹುಪಾಲನ್ನು ಕುಡಿದುಬಿಡುತ್ತದೆ. ಅಂದರೆ 40 ವಾಟಿನ ಹತ್ತಿರ. ಟ್ಯಾಬು ತನ್ನ ಸ್ವಂತ ಕೆಲಸಕ್ಕೆ ಬಳಸುವುದು ಸಾಮಾನ್ಯವಾಗಿ ಐದರಿಂದ ಹತ್ತು ವಾಟ್. ಹೀಗೆ ಒಳಗೆ ಹುಟ್ಟುವ ಬಿಸಿಗಿಂತ ನಾಲ್ಕರಿಂದ ಎಂಟು ಪಟ್ಟು ಬಿಸಿ ಹೊರಗಿನಿಂದ ಬಂದು ಕೂರುತ್ತದೆ. ಲ್ಯಾಪ್‌ಟಾಪಿನಲ್ಲಿ ಸಾಮಾನ್ಯವಾಗಿ ಒಂದು ಫ್ಯಾನಾದರೂ ಇರುತ್ತದೆ. ಟ್ಯಾಬಿಗೂ ಫೋನಿಗೂ ಅದಿಲ್ಲ. ಬೆನ್ನಿನ ಮೂಲಕ ಬಿಸಿ ಹೊರಹೋಗಬೇಕು, ಆ ಬೆನ್ನಿಗೆ ನಾವು ದಪ್ಪ ರಬ್ಬರ್ ಕವರು ತೊಡಿಸಿರುತ್ತೇವೆ.

ಇದರ ಮೇಲೆ ಬಿಸಿಲಿನಲ್ಲಿ ಮಾಡುವ ಕೆಲಸದ ಸ್ವಭಾವವೊಂದಿದೆ. ಬೆಳೆ ಸಮೀಕ್ಷೆಯನ್ನೇ ತೆಗೆದುಕೊಳ್ಳಿ. ರಾಜ್ಯದಲ್ಲಿ 2020ರಿಂದ ರೈತರೇ ಆಪ್ ಮೂಲಕ ತಮ್ಮ ಬೆಳೆಯ ವಿವರ ತುಂಬಬಹುದು. ರೈತರು ಮಾಡದೆ ಬಿಟ್ಟದ್ದನ್ನು ಪಿಆರ್ ಎಂದು ಕರೆಯುವ ಊರಿನ ಯುವಕರು ಸರ್ವೆ ನಂಬರಿನಿಂದ ಸರ್ವೆ ನಂಬರಿಗೆ ನಡೆದು ಮುಗಿಸುತ್ತಾರೆ. ಹೊಲದ ನಡುವೆ ನಿಂತು ಜಿಪಿಎಸ್ ಹಾಕಬೇಕು. ಕ್ಯಾಮೆರಾ ತೆರೆಯಬೇಕು. ಬಿಸಿಲಿಗೆ ಪರದೆ ಕಾಣಿಸದೆ ಬೆಳಕನ್ನು ಪೂರ್ತಿ ಏರಿಸಬೇಕು. ಡೇಟಾ ಆನ್ ಇರಬೇಕು. ಶ್ರೀನಿವಾಸಪುರದ ಮಾವಿನ ತೋಪಿನ ನಡುವೆ, ಮುಳಬಾಗಿಲಿನ ಬಂಡೆಗುಡ್ಡಗಳ ಮಗ್ಗುಲಲ್ಲಿ ಸಿಗ್ನಲ್ ಒಂದು ಕಡ್ಡಿಗೆ ಇಳಿದರೆ, ದೂರದ ಟವರಿಗೆ ತಲುಪಲು ಫೋನು ತನ್ನ ರೇಡಿಯೋ ಬಲವನ್ನು ಹೆಚ್ಚಿಸಿಕೊಳ್ಳುತ್ತದೆ, ಅದೂ ಬಿಸಿ. ಮನೆಯಲ್ಲಿ ಕೂತು ಸಿನಿಮಾ ನೋಡುವವರ ಫೋನು ಇವುಗಳಲ್ಲಿ ಒಂದೆರಡನ್ನು ಮಾಡಿದರೆ, ಹೊಲದಲ್ಲಿ ನಿಂತವರದು ಐದನ್ನೂ ಒಟ್ಟಿಗೆ, ಸೂರ್ಯನ ಕೆಳಗೆ ಮಾಡುತ್ತದೆ.

ಆಗ ಏನಾಗುತ್ತದೆ ಅನ್ನುವುದು ಎಲ್ಲರೂ ಕಂಡದ್ದೇ. ಮೊದಲು ಪರದೆ ತಾನಾಗಿ ಮಂಕಾಗುತ್ತದೆ. ಆಮೇಲೆ ಆಪ್ ನಿಧಾನ. ಕ್ಯಾಮೆರಾದ ಫ್ಲ್ಯಾಶ್ ಕೆಲಸ ನಿಲ್ಲಿಸುತ್ತದೆ, ಚಾರ್ಜ್ ಏರುವುದಿಲ್ಲ, ಕೊನೆಗೆ ‘ತಣ್ಣಗಾಗುವವರೆಗೆ ಕಾಯಿರಿ’ ಎನ್ನುವ ಸೂಚನೆ. ‘ಮೊಬೈಲ್ ಹೀಟ್ ಆಗಿ ಹ್ಯಾಂಗ್ ಆಯ್ತು’ ಎಂದು ನಾವು ಅದನ್ನು ಬೈಯುತ್ತೇವೆ. ಅದು ಕೆಟ್ಟ ಲಕ್ಷಣವಲ್ಲ, ಯಂತ್ರ ತನ್ನನ್ನು ಕಾಪಾಡಿಕೊಳ್ಳುತ್ತಿರುವ ಕ್ರಮ. ಒಳಗಿನ ಚಿಪ್ಪು 90 ಡಿಗ್ರಿ ದಾಟಿದರೂ ತಡೆದುಕೊಳ್ಳಬಲ್ಲದು. ಅದು ವೇಗ ಇಳಿಸುವುದು ತನಗಾಗಿ ಕಡಿಮೆ, ಪಕ್ಕದಲ್ಲಿ ಮಲಗಿರುವ ಬ್ಯಾಟರಿಗಾಗಿ ಮತ್ತು ಹಿಡಿದಿರುವ ಕೈಗಾಗಿ ಹೆಚ್ಚು.

ಬ್ಯಾಟರಿಯ ವಿಷಯದಲ್ಲಿ ಸ್ವಲ್ಪ ನಿಲ್ಲಬೇಕು, ಏಕೆಂದರೆ ಇಡೀ ಪ್ರಶ್ನೆಯ ಬೇರು ಅಲ್ಲಿದೆ. ಲಿಥಿಯಂ-ಅಯಾನ್ ಬ್ಯಾಟರಿಯನ್ನು ಮಾರುಕಟ್ಟೆಗೆ ತಂದದ್ದು ಸೋನಿ, 1991ರಲ್ಲಿ. ಅದರ ಹಿಂದಿನ ವಿಜ್ಞಾನಕ್ಕೆ ಜಾನ್ ಗುಡ್‌ಇನಫ್, ಸ್ಟ್ಯಾನ್ಲಿ ವಿಟಿಂಗ್‌ಹ್ಯಾಮ್, ಅಕಿರಾ ಯೋಶಿನೊ ಮೂವರಿಗೂ 2019ರ ನೊಬೆಲ್ ಬಂತು. ಒಳಗೆ ಒಂದು ಕಡೆ ಗ್ರಾಫೈಟ್, ಇನ್ನೊಂದು ಕಡೆ ಲೋಹದ ಆಕ್ಸೈಡ್, ನಡುವೆ ತೆಳುವಾದ ಪ್ಲಾಸ್ಟಿಕ್ ಪೊರೆ, ಎಲ್ಲವೂ ನೆನೆದಿರುವ ಒಂದು ದ್ರಾವಣ. ಚಾರ್ಜ್ ಮಾಡುವಾಗ ಲಿಥಿಯಂ ಗ್ರಾಫೈಟಿನೊಳಕ್ಕೆ ಹೋಗುತ್ತದೆ, ಬಳಸುವಾಗ ವಾಪಸು ಬರುತ್ತದೆ. ಗ್ರಾಫೈಟಿನ ಮೈಮೇಲೆ ಮೊದಲ ಚಾರ್ಜಿನಲ್ಲೇ ಒಂದು ಸೂಕ್ಷ್ಮ ಪದರ ಕಟ್ಟುತ್ತದೆ. ದ್ರಾವಣವನ್ನೂ ಗ್ರಾಫೈಟನ್ನೂ ಪರಸ್ಪರ ತಿನ್ನದಂತೆ ತಡೆಯುವ ಬೇಲಿ ಅದು. ಬಿಸಿ ಹೆಚ್ಚಾದಂತೆ ಈ ಬೇಲಿ ದಪ್ಪವಾಗುತ್ತಾ ಹೋಗುತ್ತದೆ, ದಪ್ಪವಾಗಲು ಬೇಕಾದ ಲಿಥಿಯಮನ್ನು ಬ್ಯಾಟರಿಯಿಂದಲೇ ಕದಿಯುತ್ತದೆ. ಹಾಗೆ ಕಳೆದುಹೋದ ಲಿಥಿಯಂ ತಿರುಗಿ ಬರುವುದಿಲ್ಲ. ಜೊತೆಗೆ ದ್ರಾವಣ ಒಡೆದು ಅನಿಲವಾಗುತ್ತದೆ. ಹೊರಹೋಗಲು ದಾರಿಯಿಲ್ಲದ ಆ ಅನಿಲವೇ ಟ್ಯಾಬಿನ ಪರದೆಯನ್ನು ಮೇಲಕ್ಕೆತ್ತುವ ‘ಉಬ್ಬಿದ ಬ್ಯಾಟರಿ’.

ರಸಾಯನಶಾಸ್ತ್ರದಲ್ಲಿ ಒಂದು ಅಂದಾಜಿನ ಸೂತ್ರವಿದೆ: ತಾಪ ಹತ್ತು ಡಿಗ್ರಿ ಏರಿದರೆ ಇಂಥ ಕ್ರಿಯೆಗಳ ವೇಗ ಸುಮಾರು ಇಮ್ಮಡಿ. ಬ್ಯಾಟರಿ ಕಸುಬಿನವರು ಹೆಚ್ಚಾಗಿ ಉಲ್ಲೇಖಿಸುವ ಅಂಕಿಗಳೂ ಹೆಚ್ಚುಕಡಿಮೆ ಇದೇ ದಿಕ್ಕಿನವು. ಬಳಸದೆ ಒಂದು ವರ್ಷ 25 ಡಿಗ್ರಿಯಲ್ಲಿ ಇಟ್ಟರೆ, 40 ಪರ್ಸೆಂಟ್ ಚಾರ್ಜಿನಲ್ಲಿದ್ದ ಬ್ಯಾಟರಿಯ ಸಾಮರ್ಥ್ಯ 96 ಪರ್ಸೆಂಟ್ ಉಳಿಯುತ್ತದೆ. ಪೂರ್ತಿ ಚಾರ್ಜಿನಲ್ಲಿದ್ದದ್ದು 80ಕ್ಕೆ ಇಳಿಯುತ್ತದೆ. 40 ಡಿಗ್ರಿಯಲ್ಲಿಟ್ಟರೆ ಮೊದಲನೆಯದು 85, ಎರಡನೆಯದು 65. 60 ಡಿಗ್ರಿಯಲ್ಲಿ ಪೂರ್ತಿ ಚಾರ್ಜಿನದು 60 ಪರ್ಸೆಂಟಿಗೆ ಕುಸಿಯಲು ವರ್ಷ ಬೇಕಿಲ್ಲ, ಮೂರು ತಿಂಗಳು ಸಾಕು. ಗಮನಿಸಿ, ಇದು ಬಳಸದೆ ಸುಮ್ಮನೆ ಇಟ್ಟದ್ದರ ಲೆಕ್ಕ. ಬ್ಯಾಟರಿಯನ್ನು ಬಿಸಿ ಒಂದು ಪಾಲು ತಿಂದರೆ, ಬಿಸಿ ಮತ್ತು ತುಂಬಿದ ಚಾರ್ಜು ಸೇರಿ ಅದಕ್ಕಿಂತ ದೊಡ್ಡ ಪಾಲು ತಿನ್ನುತ್ತವೆ. ವಿಮಾನದಲ್ಲಿ ಬಿಡಿ ಲಿಥಿಯಂ ಬ್ಯಾಟರಿಗಳನ್ನು ಸಾಗಿಸುವಾಗ ಚಾರ್ಜು 30 ಪರ್ಸೆಂಟ್ ಮೀರಬಾರದೆಂದು 2016ರ ಏಪ್ರಿಲ್‌ನಿಂದ ನಿಯಮವಿರುವುದೂ ತುಂಬಿದ ಬ್ಯಾಟರಿಯ ಸ್ವಭಾವ ತಿಳಿದೇ. ಅಲ್ಲಿನ ಚಿಂತೆ ಮಾತ್ರ ಆಯಸ್ಸಿನದಲ್ಲ, ಬೆಂಕಿಯದು.

ಈ ಸೀಮೆಯ ರೇಷ್ಮೆ ಮನೆಗಳಿಗೆ ಇದು ಬೇಗ ಅರ್ಥವಾಗುತ್ತದೆ. ಹುಳು ಮನೆಯಲ್ಲಿ ತಾಪಮಾಪಕ ನೇತುಹಾಕಿ, ಚಾಕಿ ಹುಳುವಿಗೆ 27–28 ಡಿಗ್ರಿ, ದೊಡ್ಡ ಹುಳುವಿಗೆ 24–25 ಎಂದು ಕಾಯುವ ಜನ ಇವರು. ಬೇಸಿಗೆಯಲ್ಲಿ ಕಿಟಕಿಗೆ ಒದ್ದೆ ಗೋಣಿ ಕಟ್ಟುತ್ತಾರೆ. ಫೋನಿನ ಬ್ಯಾಟರಿಗೆ ಹಿತವಾದ ತಾಪವೂ ಸರಿಸುಮಾರು ದೊಡ್ಡ ಹುಳುವಿನದೇ. ಹುಳುವಿಗೆ ಬೇಕಾದ ತೇವ ಮಾತ್ರ ಫೋನಿಗೆ ಬೇಡ. ಒಂದು ವ್ಯತ್ಯಾಸವೆಂದರೆ, ಹುಳು ಬಿಸಿಗೆ ಬಾಡಿದ್ದು ಎರಡೇ ದಿನಕ್ಕೆ ಕಣ್ಣಿಗೆ ಬೀಳುತ್ತದೆ. ಬ್ಯಾಟರಿ ಬಾಡಿದ್ದು ಮುಂದಿನ ವರ್ಷ ಗೊತ್ತಾಗುತ್ತದೆ, ಆಗ ನಾವು ಕಂಪನಿಯನ್ನು ಬೈಯುತ್ತೇವೆ.

ಈಗ ಮತ್ತೆ ಯಾರದು ಕೆಡುತ್ತದೆ ಅನ್ನುವ ಪ್ರಶ್ನೆಗೆ ಬರೋಣ. ಕೋಲಾರದ ಎಪಿಎಂಸಿಯ ಟೊಮೆಟೊ ಮಂಡಿಯಿಂದ ಲೋಡು ಹೊತ್ತು ಹೊರಡುವ ಚಾಲಕರು ನನ್ನ ಪಟ್ಟಿಯಲ್ಲಿ ಮೊದಲಿಗರು. ಮುಳಬಾಗಿಲು, ನಂಗಲಿ ದಾಟಿ ಪಲಮನೇರಿನ ಆಚೆ ಮೊಗಿಲಿ ಘಾಟಿ ಇಳಿದರೆ ಚಿತ್ತೂರು. ಕೆಲವೇ ಗಂಟೆಗಳಲ್ಲಿ ಪ್ರಸ್ಥಭೂಮಿಯ 36 ಡಿಗ್ರಿ ಹೋಗಿ ಕೆಳಗಿನ ಸೀಮೆಯ 40, 42 ಬರುತ್ತದೆ. ಫೋನು ಇರುವುದು ಡ್ಯಾಶ್‌ಬೋರ್ಡಿನ ಮೇಲೆ, ಗಾಜಿನ ಹಿಂದೆ, ಮ್ಯಾಪ್ ತೋರಿಸುತ್ತಾ, ಚಾರ್ಜಿಗೆ ಹಾಕಿದಂತೆಯೇ. ಅಮೆರಿಕದ ಅರಿಜೋನಾದಲ್ಲಿ ನಡೆದು 2018ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಬಿಸಿಲಲ್ಲಿ ಒಂದು ಗಂಟೆ ನಿಲ್ಲಿಸಿದ ಕಾರುಗಳ ಒಳಗಿನ ಗಾಳಿ ಸರಾಸರಿ 47 ಡಿಗ್ರಿಗೆ, ಡ್ಯಾಶ್‌ಬೋರ್ಡು 69 ಡಿಗ್ರಿಗೆ ಏರಿತ್ತು. ಅಲ್ಲಿನ ಹವೆ ನಮ್ಮದಕ್ಕಿಂತ ಬಿಸಿ, ನಿಜ. ಆದರೆ ಗಾಜಿನ ಹಿಂದಿನ ಕಪ್ಪು ಪ್ಲಾಸ್ಟಿಕ್ಕಿಗೆ ಗಾಳಿಯ ತಾಪಕ್ಕಿಂತ ಬಿಸಿಲಿನ ತೀಕ್ಷ್ಣತೆ ಮುಖ್ಯ, ಅದರಲ್ಲಿ ಕೋಲಾರವೇನೂ ಹಿಂದಿಲ್ಲ. ಇನ್ನೊಂದು ಸಂಗತಿ: ಮೊಬೈಲ್ ರಿಪೇರಿ ಅಂಗಡಿಯಲ್ಲಿ ಒಡೆದ ಗಾಜು ಬಿಡಿಸಲು ಫೋನನ್ನು ಒಂದು ಬಿಸಿ ತಟ್ಟೆಯ ಮೇಲೆ ಇಡುತ್ತಾರೆ, ಸುಮಾರು 80 ಡಿಗ್ರಿಯಲ್ಲಿ. ಅಷ್ಟರಲ್ಲಿ ಅಂಟು ಕರಗಿ ಗಾಜು ಕೈಗೆ ಬರುತ್ತದೆ. ಡ್ಯಾಶ್‌ಬೋರ್ಡು ಅದಕ್ಕೆ ಹತ್ತು ಹನ್ನೊಂದೇ ಡಿಗ್ರಿ ಹಿಂದಿದೆ. ನೀರು ತಡೆಯುವ ಫೋನೆಂದು ಕೊಂಡದ್ದು ಎರಡು ಬೇಸಿಗೆ ಕಳೆದ ಮೇಲೆ ಮೊದಲ ಮಳೆಗೆ ನೀರು ಕುಡಿದರೆ, ಅಂಚಿನ ಅಂಟು ಸಡಿಲವಾಗಿರಬಹುದೆಂದು ಶಂಕಿಸಲು ಕಾರಣವಿದೆ.

2025ರ ಅಕ್ಟೋಬರ್ 1ರಿಂದ ತಯಾರಾಗುವ ಮಧ್ಯಮ ಮತ್ತು ಭಾರಿ ಲಾರಿಗಳ ಕ್ಯಾಬಿನ್ನಿಗೆ ಎಸಿ ಕಡ್ಡಾಯವಾಗಿದೆ. ಚಾಲಕರ ಆರೋಗ್ಯಕ್ಕಾಗಿ ಬಂದ ನಿಯಮ, ಫೋನಿಗೂ ಲಾಭ. ಆದರೆ ಮಂಡಿಯಲ್ಲಿ ಸಾಲುಗಟ್ಟಿ ನಿಲ್ಲುವ ಪಿಕಪ್‌ಗಳಂಥ ಸಣ್ಣ ಗಾಡಿಗಳು ಆ ನಿಯಮದೊಳಗೆ ಬರುವುದಿಲ್ಲ.

ಎರಡನೆಯವರು ಶೀಟಿನ ಕೆಳಗೆ ಬದುಕುವವರು, ದುಡಿಯುವವರು. ಸಿಮೆಂಟ್ ಶೀಟು, ತಗಡಿನ ಶೀಟು ಹಗಲೆಲ್ಲ ಕುಡಿದ ಬಿಸಿಲನ್ನು ಕೆಳಕ್ಕೆ ಸೂಸುತ್ತವೆ. ಅಂಗಡಿಯ ಬಿಲ್ಲಿಂಗ್ ಟ್ಯಾಬು, ಯುಪಿಐ ದುಡ್ಡು ಬಂತೆಂದು ಕೂಗುವ ಸೌಂಡ್‌ಬಾಕ್ಸು ಅಲ್ಲೇ, ವರ್ಷವಿಡೀ ಚಾರ್ಜರಿಗೆ ಅಂಟಿಕೊಂಡು, ಸದಾ 100 ಪರ್ಸೆಂಟಿನಲ್ಲಿ. ಮೇಲಿನ ಲೆಕ್ಕದಲ್ಲಿ ಎಲ್ಲಕ್ಕಿಂತ ಕೆಟ್ಟ ಜೋಡಿ ಇದೇ. ಇಂಥ ಟ್ಯಾಬು ಉಬ್ಬಿದರೆ ಆಶ್ಚರ್ಯಪಡಬೇಕಿಲ್ಲ. ಮಾಲೂರಿನ ಇಟ್ಟಿಗೆ ಗೂಡುಗಳ ಕೆಲಸಗಾರರದು ಇನ್ನೊಂದು ಬಗೆ: ಕೈಚಾಚುವ ದೂರದಲ್ಲಿ ಗೂಡು, ಮೇಲೆ ಬಿಸಿಲು, ಜೇಬಿನಲ್ಲಿ ಫೋನು, ಎಲ್ಲೆಲ್ಲೂ ನುಣ್ಣನೆಯ ಕೆಂಪು ಧೂಳು. ಧೂಳು ಚಾರ್ಜಿಂಗ್ ಕಿಂಡಿಯಲ್ಲಿ ಕೂತರೆ ಸಂಪರ್ಕ ಸರಿಯಾಗದೆ ಅಲ್ಲೇ ಇನ್ನಷ್ಟು ಬಿಸಿ.

ಜೇಬಿನಲ್ಲಿ ಹಿಡಿಯದ, ಆದರೆ ಕೋಲಾರದಲ್ಲಿ ಬಿಟ್ಟು ಮಾತಾಡಲಾಗದ ಒಂದು ಸಾಧನವಿದೆ: ಬೋರ್‌ವೆಲ್ಲಿನ ಮೊಬೈಲ್ ಸ್ಟಾರ್ಟರು. ಸಾವಿರ ಅಡಿಗೂ ಆಳಕ್ಕೆ ಇಳಿದ ಬೋರು, ಹೊತ್ತಲ್ಲದ ಹೊತ್ತಿನಲ್ಲಿ ಬರುವ ತ್ರೀಫೇಸ್ ಕರೆಂಟು. ಮನೆಯಿಂದಲೇ ಕರೆ ಮಾಡಿ ಮೋಟರು ಹಾಕುವ ಈ ಪೆಟ್ಟಿಗೆ ರೈತರ ನಿದ್ದೆ ಉಳಿಸಿದೆ. ಒಳಗೆ ಸಿಮ್ಮು, ಸರ್ಕ್ಯೂಟು, ಕೆಲವುದರಲ್ಲಿ ಸಣ್ಣ ಬ್ಯಾಟರಿ. ಹೊರಗೆ ಕಬ್ಬಿಣದ ಡಬ್ಬಿ, ಹೊಲದ ನಡುವೆ, ಬಿಸಿಲಲ್ಲಿ. ಇದರೊಳಗಿನ ಕೆಪಾಸಿಟರುಗಳಿಗೂ ಅದೇ ಹತ್ತು ಡಿಗ್ರಿಯ ಸೂತ್ರ: ತಾಪ ಹತ್ತು ಏರಿದರೆ ಆಯಸ್ಸು ಅರ್ಧ. ಡಬ್ಬಿಗೆ ಬಿಳಿ ಬಣ್ಣ ಬಳಿದು, ಮೇಲೊಂದು ಗರಿಯ ಚಪ್ಪರವನ್ನೋ ಹಳೇ ಶೀಟನ್ನೋ ಒಂದಡಿ ಬಿಟ್ಟು ಕಟ್ಟಿದರೆ ಆಗುವ ಖರ್ಚು, ಬೋರ್ಡು ಬದಲಿಸುವ ಖರ್ಚಿನ ಮುಂದೆ ಏನೂ ಅಲ್ಲ.

ಶಾಖದೊಡನೆ ಯಂತ್ರಗಳ ಜಗಳ ಕೋಲಾರ ಜಿಲ್ಲೆಗೆ ಹೊಸದೂ ಅಲ್ಲ. ಕೆಜಿಎಫ್‌ನ ಚಾಂಪಿಯನ್ ರೀಫ್ ಚಿನ್ನದ ಗಣಿ ಮೂರು ಕಿಲೋಮೀಟರಿಗೂ ಆಳಕ್ಕೆ ಇಳಿದಾಗ ಅಲ್ಲಿನ ಬಂಡೆಯ ತಾಪ 60 ಡಿಗ್ರಿಗೂ ಮೇಲೆ. ಗಾಳಿಯನ್ನು ತಂಪುಮಾಡಿ ಕೆಳಕ್ಕೆ ತಳ್ಳದೆ ಕೆಲಸವೇ ಸಾಗುತ್ತಿರಲಿಲ್ಲ. ಅಂಥ ಗಣಿಯೊಳಗೇ, ಎರಡು ಕಿಲೋಮೀಟರಿಗೂ ಆಳದಲ್ಲಿ, ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ ಜಪಾನಿನ ಒಸಾಕಾ, ಇಂಗ್ಲೆಂಡಿನ ಡರಾಂ ವಿಶ್ವವಿದ್ಯಾಲಯಗಳೊಂದಿಗೆ ಉಪಕರಣಗಳನ್ನಿಟ್ಟು 1965ರಲ್ಲಿ ವಾಯುಮಂಡಲದ ನ್ಯೂಟ್ರಿನೊ ಎಂಬ ಕಣಗಳನ್ನು ಗುರುತಿಸಿತು. ಗಣಿ 2001ರಲ್ಲಿ ಮುಚ್ಚಿತು. ಅಲ್ಲಿ ತಂಪಿನ ಏರ್ಪಾಡಿನ ಹೊಣೆ ಗಣಿಯ ಆಡಳಿತದ್ದಾಗಿತ್ತು, ಉಪಕರಣ ಹಿಡಿದವರದ್ದಲ್ಲ.

ಚಳಿಯ ವಿಷಯ ಇಲ್ಲಿ ಚಿಕ್ಕದು. ಡಿಸೆಂಬರ್, ಜನವರಿಯ ಬೆಳಗಿನ ಜಾವ ಹತ್ತು ಹನ್ನೆರಡು ಡಿಗ್ರಿಗೆ ಇಳಿದರೂ ಫೋನಿಗೆ ಅದು ಹಿತವೇ. ಶೀತಲಗೃಹದಲ್ಲಿ ದಿನವಿಡೀ ಕೆಲಸ ಮಾಡುವವರು, ಸೈನ್ಯಕ್ಕೆ ಸೇರಿ ಲಡಾಖಿಗೆ ಹೋದವರು, ಕೆನಡಾದಲ್ಲೋ ಮಿನ್ನೆಸೋಟಾದಲ್ಲೋ ನೆಲೆಸಿರುವ ನಮ್ಮವರು ಮಾತ್ರ ನಿಜವಾದ ಚಳಿ ಕಂಡವರು. ಅಲ್ಲಿ 30 ಪರ್ಸೆಂಟ್ ತೋರಿಸುತ್ತಿದ್ದ ಫೋನು ಹೊರಗೆ ತೆಗೆದ ಕೂಡಲೇ ಸತ್ತುಹೋಗುತ್ತದೆ. ಚಳಿಗೆ ಬ್ಯಾಟರಿಯೊಳಗಿನ ದ್ರಾವಣ ಮಂದವಾಗಿ ಒಳರೋಧ ಏರುತ್ತದೆ, ಕೇಳಿದಷ್ಟು ಕರೆಂಟು ಕೊಡಲಾರದೆ ವೋಲ್ಟೇಜು ಬೀಳುತ್ತದೆ. ಒಳಜೇಬಿನಲ್ಲಿಟ್ಟು ಬೆಚ್ಚಗೆ ಮಾಡಿದರೆ ಮತ್ತೆ ಎದ್ದು ಕೂರುತ್ತದೆ. ಹಾಗಾಗಿ ಚಳಿಯ ಹಾನಿ ಬಹುಪಾಲು ತಾತ್ಕಾಲಿಕ, ಬಿಸಿಯದು ಶಾಶ್ವತ. ಒಂದೇ ಒಂದು ಅಪವಾದ: ಸೊನ್ನೆಗಿಂತ ಕೆಳಗೆ ಚಾರ್ಜ್ ಮಾಡಿದರೆ ಲಿಥಿಯಂ ಗ್ರಾಫೈಟಿನೊಳಗೆ ಹೋಗದೆ ಅದರ ಮೇಲೆ ಲೋಹವಾಗಿ ಕೂರುತ್ತದೆ. ಅದು ಕೆಟ್ಟದ್ದು, ಅಪಾಯಕರವೂ ಹೌದು.

ಪರದೆ, ಮೆಮೊರಿಗಳದು ಇನ್ನೂ ಸಣ್ಣ ಕತೆ. ಎಲ್‌ಸಿಡಿ ಪರದೆಯೊಳಗಿನ ದ್ರವಹರಳು ಒಂದು ಮಟ್ಟ ಮೀರಿ ಬಿಸಿಯಾದರೆ ತನ್ನ ಜೋಡಣೆ ಕಳೆದುಕೊಂಡು ಕಪ್ಪು ಕಲೆಯಾಗುತ್ತದೆ. ತಣ್ಣಗಾದ ಮೇಲೆ ಸಾಮಾನ್ಯವಾಗಿ ಸರಿಹೋಗುತ್ತದೆ. ಓಎಲ್‌ಇಡಿ ಪರದೆಯ ಬಣ್ಣಗಳು ಬಿಸಿಗೆ ಬೇಗ ಸವೆಯುತ್ತವೆ. ಪೆನ್‌ಡ್ರೈವಿನಲ್ಲೋ ಹಳೇ ಫೋನಿನಲ್ಲೋ ಮದುವೆಯ ಫೋಟೊ ಉಳಿಸಿ ಶೀಟಿನ ಮನೆಯ ಅಟ್ಟದ ಮೇಲೆ ವರ್ಷಗಟ್ಟಲೆ ಇಟ್ಟವರು, ಚಿಪ್ಪಿನೊಳಗಿನ ದತ್ತಾಂಶವೂ ಬಿಸಿಗೆ ಬೇಗ ಸೋರುತ್ತದೆ ಅನ್ನುವುದನ್ನು ತಿಳಿದಿರಲಿ.

ಬೆಂಕಿಯ ಭಯ ಎಷ್ಟು ನಿಜ? ಗ್ರಾಫೈಟಿನ ಮೇಲಿನ ಬೇಲಿಯಂಥ ಆ ಪದರ ಒಡೆಯಲು ಶುರುವಾಗುವುದು 80–90 ಡಿಗ್ರಿಯ ಆಸುಪಾಸಿನಲ್ಲಿ, ನಡುವಿನ ಪ್ಲಾಸ್ಟಿಕ್ ಪೊರೆ ಕರಗುವುದು 130ರ ಮೇಲೆ. ಕೋಲಾರದ ಯಾವ ಬೇಸಿಗೆಯೂ ಒಬ್ಬಂಟಿಯಾಗಿ ಆರೋಗ್ಯವಾದ ಬ್ಯಾಟರಿಯನ್ನು ಅಲ್ಲಿಗೆ ಒಯ್ಯಲಾರದು. ಬೆಂಕಿಗೆ ಬಿಸಿಯ ಜೊತೆ ಇನ್ನೊಂದು ತಪ್ಪು ಸೇರಬೇಕು: ಬಿದ್ದು ಒಳಗೆ ಜಜ್ಜಿದ್ದು, ಉಬ್ಬಿದ ಮೇಲೂ ಬಳಸಿದ್ದು, ಕಳಪೆ ಬ್ಯಾಟರಿ, ಕಳಪೆ ಚಾರ್ಜರು. 2022ರ ಮಾರ್ಚ್, ಏಪ್ರಿಲ್‌ನಲ್ಲಿ ದೇಶದ ಹಲವೆಡೆ ಎಲೆಕ್ಟ್ರಿಕ್ ಸ್ಕೂಟರುಗಳು ಹೊತ್ತಿದ ಮೇಲೆ ಸರ್ಕಾರ ಬೇಸಿಗೆಯನ್ನು ದೂರಿ ಕೈತೊಳೆದುಕೊಳ್ಳಲಿಲ್ಲ. ಬ್ಯಾಟರಿಯ ಸುರಕ್ಷತಾ ಮಾನದಂಡವನ್ನೇ ಬಿಗಿಮಾಡಿ ಅದೇ ಡಿಸೆಂಬರ್‌ನಿಂದ ಹಂತಹಂತವಾಗಿ ಜಾರಿಗೆ ತಂದಿತು. ಉಬ್ಬಿದ ಬ್ಯಾಟರಿಯನ್ನು ಪಿನ್ನಿನಿಂದ ಚುಚ್ಚಿ ಗಾಳಿ ತೆಗೆಯುವ ಸಾಹಸ ಅಲ್ಲಲ್ಲಿ ನಡೆಯುತ್ತದೆ. ಅದಕ್ಕಿಂತ ಅಪಾಯದ ಕೆಲಸ ಬೇರೆಯಿಲ್ಲ.

ಇನ್ನು ಪರಿಹಾರಗಳು. ಬಿಸಿಯಾದ ಫೋನನ್ನು ಫ್ರಿಜ್ಜಿನಲ್ಲಿಡುವುದು ಬಹಳ ಜನ ಮಾಡುವ, ಮಾಡಬಾರದ ಕೆಲಸ. ಹೊರತೆಗೆದಾಗ ತಣ್ಣನೆಯ ಮೈಮೇಲೆ, ಕಿಂಡಿಗಳೊಳಗೆ ಗಾಳಿಯ ತೇವ ಹನಿಗಟ್ಟುತ್ತದೆ. ಕವರು ಬಿಚ್ಚಿ ಫ್ಯಾನಿನ ಕೆಳಗೆ ಕಲ್ಲಿನ ನೆಲದ ಮೇಲೆ ಇಟ್ಟರೆ ಕೆಲವೇ ನಿಮಿಷದಲ್ಲಿ ಬಿಸಿ ಇಳಿಯುತ್ತದೆ. ಬಿಸಿಯಿದ್ದಾಗ ಚಾರ್ಜಿಗೆ ಹಾಕದಿರುವುದು ಎಲ್ಲಕ್ಕಿಂತ ಮುಖ್ಯ. ವೇಗದ ಚಾರ್ಜರು ಹಗಲಿಗಿಂತ ಬೆಳಗಿನ ತಂಪು ಹೊತ್ತಿಗೆ ವಾಸಿ, ತಂತಿಯಿಲ್ಲದ ಚಾರ್ಜಿಂಗ್ ಬೇಸಿಗೆಯಲ್ಲಿ ಬೇಡವೇ ಬೇಡ. ಹೊಸ ಟ್ಯಾಬು, ಫೋನುಗಳ ಸೆಟ್ಟಿಂಗಿನಲ್ಲಿ 80 ಪರ್ಸೆಂಟಿಗೆ ಚಾರ್ಜು ನಿಲ್ಲಿಸುವ ಆಯ್ಕೆ ಇದೆ. ಸದಾ ಪ್ಲಗ್ಗಿಗೆ ಹಾಕಿಡುವ ಅಂಗಡಿ, ಶಾಲೆಯ ಟ್ಯಾಬುಗಳಿಗೆ ಅದು ವರದಾನ. ಹೊಲ ತಿರುಗುವವರಿಗೆ ಅದನ್ನು ಉಪದೇಶಿಸಲು ನನಗೆ ಮನಸ್ಸಿಲ್ಲ. ಸಂಜೆವರೆಗೆ ಚಾರ್ಜು ಸಾಲಬೇಕಾದವರು ಬೆಳಿಗ್ಗೆ 100 ತುಂಬಿಸಿಕೊಂಡೇ ಹೊರಡಬೇಕು.

ಹಾಗಾಗಿ ಹೊಲದಲ್ಲಿ, ಬೀದಿಯಲ್ಲಿ ಕೆಲಸ ಮಾಡುವವರ ಪ್ರಶ್ನೆ ಸಲಹೆಯಿಂದ ಬಗೆಹರಿಯುವಂಥದ್ದಲ್ಲ. ಉದಾಹರಣೆಗೆ, 2025ರ ಮೇ 5ರಂದು ನ್ಯಾಯಮೂರ್ತಿ ಎಚ್.ಎನ್. ನಾಗಮೋಹನದಾಸ್ ಆಯೋಗದ ಪರಿಶಿಷ್ಟ ಜಾತಿಗಳ ಸಮೀಕ್ಷೆ ಆಪ್ ಮೂಲಕ ಮನೆಮನೆಯಲ್ಲಿ ಶುರುವಾಯಿತು. ಜನಸಂಖ್ಯೆಯಲ್ಲಿ ಪರಿಶಿಷ್ಟ ಜಾತಿಯವರ ಪಾಲು ರಾಜ್ಯದಲ್ಲೇ ಅತಿ ಹೆಚ್ಚು, ನೂರಕ್ಕೆ 30, ಇರುವುದು ಕೋಲಾರ ಜಿಲ್ಲೆಯಲ್ಲಿ. ಶಿಕ್ಷಕರು ಫೋನು ಹಿಡಿದು ಓಣಿ ಓಣಿ ತಿರುಗಿದ್ದು ಮೇ ತಿಂಗಳಲ್ಲಿ. ಅಂಗನವಾಡಿ ಕಾರ್ಯಕರ್ತೆಯರಿಗೆ ಪೋಷಣ್ ಟ್ರ್ಯಾಕರ್, ಮೀಟರ್ ರೀಡರಿಗೆ ಬಿಲ್ಲಿಂಗ್ ಯಂತ್ರ, ಬಸ್ ಕಂಡಕ್ಟರಿಗೆ ಟಿಕೆಟ್ ಯಂತ್ರ. ಆಡಳಿತವೆಲ್ಲ ಅಂಗೈಯ ಯಂತ್ರಕ್ಕೆ ಇಳಿದಿದೆ, ಅದರಲ್ಲಿ ದೊಡ್ಡ ಪಾಲು ನೆರಳಿನಾಚೆ. ಬಿಸಿಗೆ ಬ್ಯಾಟರಿ ಹೋದದ್ದಕ್ಕೆ ವಾರಂಟಿ ಸಾಮಾನ್ಯವಾಗಿ ಅನ್ವಯಿಸುವುದಿಲ್ಲ. ಸ್ವಂತ ಫೋನಿನಲ್ಲಿ ಸರ್ಕಾರಿ ಕೆಲಸ ಮಾಡಿದವರು ಆ ನಷ್ಟವನ್ನು ಯಾವ ಬಿಲ್ಲಿನಲ್ಲೂ ಬರೆಯಲಾರರು.

ಮಾಡಬಹುದಾದದ್ದು ಕಡಿಮೆಯೇನಿಲ್ಲ. ನೆಟ್‌ವರ್ಕ್ ಇಲ್ಲದೆಯೂ ವಿವರ ತುಂಬಿಕೊಂಡು ಸಂಜೆ ಮನೆಯಲ್ಲಿ ಕಳಿಸುವಂತೆ ಆಪ್ ಕಟ್ಟಿದರೆ ಮಧ್ಯಾಹ್ನದ ಒಂದಷ್ಟು ಬಿಸಿ ಅಲ್ಲೇ ತಪ್ಪುತ್ತದೆ. ಫೋಟೊ ನಿಜಕ್ಕೂ ಬೇಕಾದ ಕಡೆ ಮಾತ್ರ ಕೇಳಬಹುದು. ಇಲಾಖೆಯೇ ಟ್ಯಾಬು ಕೊಡುವುದಾದರೆ ಅಗ್ಗದ ದರಪಟ್ಟಿ ನೋಡುವ ಬದಲು, ಬ್ಯಾಟರಿಯನ್ನು ಕೈಯಿಂದಲೇ ಬದಲಿಸಬಹುದಾದ, ಕಾರ್ಖಾನೆ, ಗೋದಾಮುಗಳಿಗೆಂದು ತಯಾರಾದ ಗಟ್ಟಿ ಟ್ಯಾಬುಗಳನ್ನು ಕೊಳ್ಳಬಹುದು. ಸ್ಯಾಮ್‌ಸಂಗಿನ ಟ್ಯಾಬ್ ಆಕ್ಟಿವ್‌ನಂಥವು ಬ್ಯಾಟರಿ ತೆಗೆದಿಟ್ಟು ನೇರ ಕರೆಂಟಿನಲ್ಲೂ ನಡೆಯುತ್ತವೆ. ಯುರೋಪಿನಲ್ಲಂತೂ 2027ರ ಫೆಬ್ರುವರಿ 18ರಿಂದ ಇಂಥ ಸಾಧನಗಳ ಬ್ಯಾಟರಿ ಬಳಸುವವರೇ ತೆಗೆದು ಬದಲಿಸುವಂತಿರಬೇಕೆಂಬ ನಿಯಮ ಬರಲಿದೆ. ಅದಕ್ಕೆ ಕೆಲವು ವಿನಾಯಿತಿಗಳೂ ಇವೆ.

ದೇಶದ ಮೊದಲ ಡಿಜಿಟಲ್ ಜನಗಣತಿಯ ವೇಳಾಪಟ್ಟಿಯನ್ನೂ ಇದೇ ಕಣ್ಣಿನಿಂದ ನೋಡಬೇಕು. ಮನೆಪಟ್ಟಿಯ ಹಂತಕ್ಕೆ 2026ರ ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗಿನ ಅವಧಿಯಲ್ಲಿ ಆಯಾ ರಾಜ್ಯ 30 ದಿನ ಆರಿಸಿಕೊಳ್ಳಬಹುದೆಂದು ಇಟ್ಟರು; ಜನರನ್ನು ಎಣಿಸುವ ಹಂತ 2027ರ ಫೆಬ್ರುವರಿಗೆ. ಆರು ತಿಂಗಳಲ್ಲಿ 30 ದಿನ ಆರಿಸುವಾಗ ಶಾಲೆಯ ರಜೆ, ಮಳೆ, ಸಿಬ್ಬಂದಿ ಎಲ್ಲವನ್ನೂ ತೂಗುತ್ತಾರೆ. ಶಾಲೆಗೆ ರಜೆಯಿರುವ ತಿಂಗಳೇ ಬಿಸಿಲಿನ ತಿಂಗಳು ಕೂಡ. ಅದೇ ತಿಂಗಳು ಬೇಕೇಬೇಕಾದರೆ ಬೆಳಿಗ್ಗೆ ಏಳರಿಂದ ಹತ್ತೂವರೆ, ಸಂಜೆ ನಾಲ್ಕರ ಮೇಲೆ ಎಂದು ಹೊತ್ತು ಗೊತ್ತುಮಾಡಿದರೆ ಗಣತಿದಾರರಿಗೂ ಅವರ ಫೋನಿಗೂ ಆದೀತು. ಹೊಲ, ಮಂಡಿ ಮುಗಿಸಿ ಬಂದ ಜನ ಮನೆಯಲ್ಲಿ ಸಿಗುವುದೂ ಹೆಚ್ಚಾಗಿ ಆ ಸಂಜೆಯ ಹೊತ್ತಿನಲ್ಲೇ.